ಮನೆಯಲ್ಲೇ ತಾನೇ ಇದ್ದದ್ದು, ಅದರಲ್ಲೇನು ಟೆನ್ಷನ್ನು?

2020ರ ಕೊರೊನಾ ಕಾಲದ ಹೋಮ್ ಕ್ವಾರಂಟೈನ್ ವಿಷಯ ಎತ್ತಿದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸ್ವಂತ ಮನೆ, ಊಟ, ಟಿವಿ ಎಲ್ಲ ಇತ್ತಲ್ಲ, ಟೆನ್ಷನ್ ಯಾಕಾಗಬೇಕು?" ಕೇಳುವವರು ಸಾಮಾನ್ಯವಾಗಿ ಎರಡು ಬಾತ್‌ರೂಮಿನ ಮನೆಯವರು. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಈ ಲಿಂಕ್ ಕಳಿಸುತ್ತೇನೆ, ಓದಿಕೊಳ್ಳಿ.

ರಜೆ ಹಾಕಿ ಮನೆಯಲ್ಲಿ ಕೂರುವುದಲ್ಲ ಅದು. ಕೈ ಮೇಲೆ ಅಳಿಸದ ಶಾಯಿಯ ಮುದ್ರೆ, ಬಾಗಿಲಿಗೆ ಸ್ಟಿಕರ್. ಮಾರ್ಚ್ ಕೊನೆಗೆ ಸರ್ಕಾರದ ಆ್ಯಪ್ ಬಂತು: ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ. ಸ್ವಲ್ಪ ಕಣ್ಣು ಮುಚ್ಚಿದರೂ ತಪ್ಪಿಸಿಕೊಂಡು ಹೋದೆವೆಂದು ಬಗೆದಾರು ಎಂಬ ಭಯ. ಜುಲೈನಲ್ಲಂತೂ ಬೆಂಗಳೂರಿನ ದೊಮ್ಮಲೂರಿನಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡೇ ಹೊಡೆದರು. ಒಂದರೊಳಗೆ ಚಿಕ್ಕ ಮಕ್ಕಳಿದ್ದರು. ಪಾಲಿಕೆ ಆಯುಕ್ತರು ಕ್ಷಮೆ ಕೇಳಿ ತಗಡು ತೆಗೆಸಿದರು ಅನ್ನಿ. ಈಗ ಹೇಳಿ, ಟಿವಿ ಇತ್ತಲ್ಲ?

ಇದು ನಮ್ಮವರ ಮನಸ್ಸು ಮೆತ್ತಗೆ ಅಂತಲೂ ಅಲ್ಲ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ ಬಂದಾಗ ಕೆನಡಾದ ಟೊರಾಂಟೊದಲ್ಲಿ ಕ್ವಾರಂಟೈನ್ ಆಗಿದ್ದ 129 ಜನರನ್ನು ಆಮೇಲೆ ಕೇಳಿ ನೋಡಿದರು. ಸುಮಾರು 29% ಜನರಲ್ಲಿ ಆಘಾತದ ನಂತರ ಉಳಿಯುವ ಒತ್ತಡದ ಲಕ್ಷಣ, 31% ಜನರಲ್ಲಿ ಖಿನ್ನತೆಯ ಲಕ್ಷಣ ಕಂಡವು. ದಿನ ಹೆಚ್ಚಾದಷ್ಟೂ ತೊಂದರೆ ಹೆಚ್ಚು.

ಮನೆಯೊಳಗೆ ಮೊದಲು ಕುಸಿಯುವುದು ಜ್ವರ ಬಂದವರಲ್ಲ, ತಟ್ಟೆ ಒಯ್ದಿಡುವವರು. ಒಬ್ಬರೇ ಆರೈಕೆ ಮಾಡಿ ಎಂಬ ಸೂಚನೆ ಸೋಂಕಿನ ದೃಷ್ಟಿಯಿಂದ ಸರಿ. ಆದರೆ ಆ ಒಬ್ಬರು ಸಾಮಾನ್ಯವಾಗಿ ಮನೆಯ ಹೆಂಗಸು. ಅಡುಗೆ, ಪಾತ್ರೆ, ಮಕ್ಕಳು, ಅತ್ತೆಯ ಬಿಪಿ ಮಾತ್ರೆ ಯಾವುದೂ ಅವಳ ತಲೆಯಿಂದ ಇಳಿಯುವುದಿಲ್ಲ. ಜ್ವರದವರ ಕೋಣೆ ಬಿಟ್ಟು ಉಳಿದದ್ದನ್ನೆಲ್ಲ ಬೇರೆಯವರು ಮೊದಲ ದಿನವೇ ಹಂಚಿಕೊಳ್ಳಬೇಕು. ಎರಡು ಹೊತ್ತೂ ಅನ್ನ-ಸಾರು ಆದರೆ ಯಾರೂ ಸಾಯುವುದಿಲ್ಲ. ಮಧ್ಯಾಹ್ನ ಎರಡು ಗಂಟೆ ಅವಳನ್ನು ಯಾರೂ ಕರೆಯಕೂಡದು.

ಇನ್ನು ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ ಯಂತ್ರ. ನೆಮ್ಮದಿಗೆಂದು ತಂದದ್ದು ನಿದ್ದೆಯನ್ನೇ ತಿನ್ನುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬೆರಳಿಗೆ ಸಿಕ್ಕಿಸುವುದು, 95 ಕಂಡರೆ ಬೇರೆ ಬೆರಳು, ಆಮೇಲೆ ಮನೆಮಂದಿಯದೆಲ್ಲ. ಕೈ ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ, ಕೈ ಅಲುಗಿದರೆ ಅಂಕಿ ತಪ್ಪು ಬರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ನಿಂತ ಮೇಲೆ ಬರೆದಿಡಿ. ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಮತ್ತೆ ನೋಡಿದರೂ 94ಕ್ಕಿಂತ ಕೆಳಗೇ ಇದ್ದರೆ, ಅಥವಾ ಉಸಿರು ಕಟ್ಟಿದರೆ, ಅಂಕಿ ಎಷ್ಟೇ ಇರಲಿ, ಡಾಕ್ಟರಿಗೆ ಫೋನ್ ಮಾಡಿ. ಉಳಿದ ಹೊತ್ತು ಅದನ್ನು ಡ್ರಾಯರಿನಲ್ಲಿಡಿ.

ಯಾರೂ ಬಾಯಿಬಿಡದ ಸಂಗತಿಯೊಂದಿದೆ: ದಿನಾ ಕುಡಿಯುವವರು. 2020ರ ಲಾಕ್‌ಡೌನ್‌ನಲ್ಲಿ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿತ್ತು. ಕುಡಿತ ದಿಢೀರನೆ ನಿಂತರೆ ಮೊದಲ ದಿನವೇ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸುವುದು, ಎಲ್ಲಿದ್ದೇನೆಂದು ತಿಳಿಯದಿರುವುದು. ಮನೆಯವರು ಇದನ್ನು "ಕೊರೊನಾ ಟೆನ್ಷನ್" ಅಂದುಕೊಂಡು ಕೋಣೆ ಬಾಗಿಲು ಹಾಕುತ್ತಾರೆ. ಜೀವ ಹೋಗುವ ವಿಷಯ ಇದು. ಬಾಗಿಲಿಗೆ ಯಾವ ಸ್ಟಿಕರ್ ಇದ್ದರೂ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ "ಧ್ಯಾನ ಮಾಡಿದರೆ ಸರಿಹೋಗುತ್ತಿತ್ತಲ್ಲ?" ಅನ್ನುವವರಿದ್ದಾರೆ. ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಥೈರಾಯ್ಡ್ ಮಾತ್ರೆ ನಾಳೆಗೆ ಮುಗಿಯುತ್ತದೆ ಎಂಬ ಚಿಂತೆಗೆ ಮದ್ದು ಮಾತ್ರೆ.

ಅದಕ್ಕೇ, ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: "ಪಕ್ಕದ ಮನೆಗೆ ಸ್ಟಿಕರ್ ಬಿದ್ದರೆ ನಾವೇನು ಮಾಡಬೇಕು?" ಒಬ್ಬರೇ ಒಬ್ಬರು ಹೊಣೆ ಹೊತ್ತುಕೊಳ್ಳಿ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೀವಿ" ಅಂತಲೇ ಉತ್ತರ ಬರುವುದು. "ಹಾಲೆಷ್ಟು? ಯಾವ ಮಾತ್ರೆ ಎಷ್ಟು ದಿನಕ್ಕಿದೆ? ಸಿಲಿಂಡರ್ ಬುಕ್ ಮಾಡಲಾ? ಕಸ ಒಯ್ದರಾ?" ಅಂತ ಕೇಳಿ. ಸಾಮಾನು ಹೊಸ್ತಿಲಲ್ಲಿಟ್ಟು, ಬೆಲ್ ಮಾಡಿ, ಎರಡು ಮೀಟರ್ ದೂರ ನಿಂತು ಒಂದು ಮಾತಾಡಿ ಹೋಗಿ, ಇಟ್ಟು ಓಡಬೇಡಿ. ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ಫ್ಲ್ಯಾಟ್ ನಂಬರ್ ಹಾಕಬೇಡಿ. ಮಕ್ಕಳಿದ್ದರೆ "ನಿನ್ನಿಂದ ಬಂದಿದ್ದಲ್ಲ ಪುಟ್ಟ" ಅಂತ ಯಾರಾದರೂ ಹೇಳಿದ್ದಾರೆಯೇ ಎಂದು ಅವರಮ್ಮನನ್ನು ಕೇಳಿ.

ನಿದ್ದೆ ಹೋಗಿ ವಾರವಾಯಿತು, ಊಟ ಬಿಟ್ಟಿದ್ದಾರೆ, "ನಾನಿದ್ದು ಏನು ಪ್ರಯೋಜನ" ಅನ್ನುತ್ತಿದ್ದಾರೆ ಅಂದರೆ ಕಾಯಬೇಡಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರಿಂದ ಇದೆ, ನಂಬರ್ 14416, ಹಗಲು-ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕಳಿಸಿ ಸುಮ್ಮನಾಗಬೇಡಿ. ಅವರು ಕರೆ ಮಾಡಿದರಾ ಅಂತ ಸಂಜೆ ಮತ್ತೆ ವಿಚಾರಿಸಿ.