ಕಾರಿನ ಎಂಜಿನ್ ಆಯಿಲ್ ಡಬ್ಬಿ ಕೊಳ್ಳುವಾಗ ನಾನು ಹಾಕುವ ಲೆಕ್ಕ

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಯಾವ ಬಿಲ್ ಕೈಗೆ ಬಂದರೂ ಕಣ್ಣು ಮೊದಲು ರೇಟಿನ ಕಾಲಮ್ಮಿಗೆ ಹೋಗುತ್ತದೆ. ನಮ್ಮದು ಹೋಂಡಾ ಸಿಟಿ, ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ದಿನಾ ವಿಜಯನಗರದಿಂದ ಆಫೀಸಿಗೆ ಮೆಟ್ರೋದಲ್ಲೇ ಓಡಾಟ. ಕಾರು ಹೊರಗೆ ಬರುವುದು ಭಾನುವಾರ, ಮದುವೆ ಮುಂಜಿ ಇದ್ದಾಗ, ಇಲ್ಲವೇ ಶಿವಮೊಗ್ಗಕ್ಕೆ ಅಮ್ಮನ ಮನೆಗೆ ಹೊರಟಾಗ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಿದರೆ ಜಾಸ್ತಿ.

ಇಷ್ಟನ್ನೆಲ್ಲ ಯಾಕೆ ಹೇಳಿದೆ ಅಂದರೆ, ಯಾವ ಸಿಂಥೆಟಿಕ್ ಆಯಿಲ್ ಹಾಕಿಸಿದರೆ ಲಾಭ ಅನ್ನುವುದು ಇದರ ಮೇಲೇ ನಿಂತಿದೆ. ನಮ್ಮ ಕಾರಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸಬೇಕು. ನನ್ನ ಓಡಾಟಕ್ಕೆ ಯಾವಾಗಲೂ ವರ್ಷವೇ ಮೊದಲು ಮುಗಿಯುತ್ತದೆ. ಅಂದಮೇಲೆ ಇನ್ನೂ ಎಷ್ಟೋ ಸಾವಿರ ಕಿಲೋಮೀಟರ್ ತಡೆಯಬಲ್ಲ ದುಬಾರಿ ಆಯಿಲ್ ಹಾಕಿಸಿ, ಅದನ್ನು ಅರ್ಧ ಆಯಸ್ಸಿನಲ್ಲೇ ಚೆಲ್ಲುವುದು ಸುಮ್ನೆ ದಂಡ. ಕಾರು ಕಡಿಮೆ ಓಡಿದೆ, ಇನ್ನೊಂದು ವರ್ಷ ಬಿಡೋಣ ಅಂತಲೂ ಅನ್ನುವ ಹಾಗಿಲ್ಲ. ಹತ್ತಿರ ಹತ್ತಿರ ಓಡಾಡಿದರೆ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್ ಎರಡೂ ಆಯಿಲಿನೊಳಗೇ ಉಳಿಯುತ್ತವೆ.

ಮ್ಯಾನುವಲ್ ತೆಗೆದರೆ ಗ್ರೇಡ್, ಅಂದರೆ ಆಯಿಲಿನ ಗಟ್ಟಿತನದ ಅಳತೆ, 0ಡಬ್ಲ್ಯು-20 ಎಂದಿದೆ. ಒಂದು ಗ್ಯಾರೇಜಿನಲ್ಲಿ ಇದಕ್ಕೇ ವಾದ ಶುರುವಾಯಿತು. "ಮೇಡಂ, ಇದು ನೀರಿದ್ದಂಗೆ ಇರುತ್ತೆ. ನಮ್ಮ ಬಿಸಿಲಿಗೆ ಗಟ್ಟಿ ಆಯಿಲ್ ಬೇಕು, 15ಡಬ್ಲ್ಯು-40 ಹಾಕ್ತೀನಿ" ಅಂದರು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಹೊರಗೆ ಬಿಸಿಲಿರಲಿ ಮಳೆಯಿರಲಿ, ಓಡುತ್ತಿರುವ ಎಂಜಿನ್ನಿನ ಬಿಸಿಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಹಿಡಿತದಲ್ಲಿ ಇಡುತ್ತವೆ. ಗ್ರೇಡಿನ ಎರಡನೆಯ ಸಂಖ್ಯೆ ಹೇಳುವುದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇರುತ್ತದೆ ಅನ್ನುವುದನ್ನು. ಕಂಪನಿಯವರು ಬೇರಿಂಗಿನ ಸಂದು, ಆಯಿಲ್ ಪಂಪು ಎಲ್ಲವನ್ನೂ ಅದಕ್ಕೆ ಹೊಂದಿಸಿರುತ್ತಾರೆ. ಸಿಟಿಯ ವಿಟೆಕ್, ಅಂದರೆ ವಾಲ್ವ್ ತೆರೆಯುವ ರೀತಿಯನ್ನು ಬದಲಿಸುವ ವ್ಯವಸ್ಥೆ, ಅಂತೂ ಕೆಲಸ ಮಾಡುವುದೇ ಆಯಿಲ್ ಪ್ರೆಶರ್ ಮೇಲೆ. ಅದಕ್ಕೆ ಗಟ್ಟಿ ಆಯಿಲ್ ಹಾಕಿಸುವ ಉಸಾಬರಿ ನನಗೆ ಬೇಡ.

ಮೊದಲಿನ 0ಡಬ್ಲ್ಯು ಚಳಿಯ ಲೆಕ್ಕ. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲನ್ನು ಮೈನಸ್ 30ರಲ್ಲಿ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರಲ್ಲಿ! ಹಾಗಾಗಿ ನಮ್ಮೂರಿನಲ್ಲಿ 0ಡಬ್ಲ್ಯುಗೂ 5ಡಬ್ಲ್ಯುಗೂ ಇರುವ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮ ಮ್ಯಾನುವಲ್ 5ಡಬ್ಲ್ಯು-30 ಅಂದಿದ್ದರೆ ನೀವು ಅದೃಷ್ಟವಂತರು. ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಪೈಪೋಟಿ ಇರುವುದರಿಂದ ರಿಯಾಯಿತಿಯೂ ಜಾಸ್ತಿ.

ಇನ್ನು "ಫುಲ್ಲಿ ಸಿಂಥೆಟಿಕ್" ಅನ್ನುವ ದೊಡ್ಡಕ್ಷರ. ಬೇಸ್ ಆಯಿಲ್, ಅಂದರೆ ಡಬ್ಬಿಯ ಆಯಿಲ್ ತಯಾರಿಸುವ ಮೂಲ ಎಣ್ಣೆ, ಅದರಲ್ಲಿ ಐದು ಗುಂಪುಗಳಿವೆ. ನಾಲ್ಕನೆಯದು ಪಿಎಒ, ಅಂದರೆ ಕಾರ್ಖಾನೆಯಲ್ಲಿ ಅಣು ಜೋಡಿಸಿ ಮಾಡಿದ್ದು. ಮೂರನೆಯದು ಕಚ್ಚಾ ತೈಲದಿಂದಲೇ ಬಂದರೂ ಹೈಡ್ರೋಜನ್ ಜೊತೆ ಸೇರಿಸಿ ಬಹಳ ಚೊಕ್ಕ ಮಾಡಿದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮೊಬಿಲ್‌ನವರು ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟರು, ಮೂರನೆಯ ಗುಂಪನ್ನು ಸಿಂಥೆಟಿಕ್ ಅಂತ ಮಾರುತ್ತಿದ್ದಾರೆ ಎಂದು. ಜಾಹೀರಾತಿನ ತಕರಾರು ನೋಡುವ ಅಲ್ಲಿನ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಈಗ ಅಂಗಡಿಯಲ್ಲಿರುವ ಸಿಂಥೆಟಿಕ್ ಡಬ್ಬಿಗಳಲ್ಲಿ ಬಹಳಷ್ಟು ಈ ಮೂರನೆಯ ಗುಂಪಿನವೇ. ಶೆಲ್ ಹೀಲಿಕ್ಸ್ ಅಲ್ಟ್ರಾ ಕತಾರ್‌ನಲ್ಲಿ ನೈಸರ್ಗಿಕ ಅನಿಲದಿಂದ ಮಾಡಿದ ಬೇಸ್ ಆಯಿಲಿನದು, ಅದನ್ನೂ ಮೂರನೆಯ ಗುಂಪಿಗೇ ಸೇರಿಸುತ್ತಾರೆ. ಮೂರನೆಯದು ಅಂದ ಮಾತ್ರಕ್ಕೆ ಕಳಪೆ ಅಲ್ಲ. ನನ್ನಂಥವಳ ಭಾನುವಾರದ ಕಾರಿಗೆ ಧಾರಾಳವಾಯಿತು. ಸಾಮಾನ್ಯ ಆಯಿಲಿಗೆ ಸಿಂಥೆಟಿಕ್ ಬೆರೆಸಿದ ಸೆಮಿ ಸಿಂಥೆಟಿಕ್ ವಿಷಯದಲ್ಲಿ ಮಾತ್ರ ನನಗೆ ಅನುಮಾನ. ಅದರಲ್ಲಿ ಸಿಂಥೆಟಿಕ್ ಎಷ್ಟು ಪಾಲು ಅಂತ ನಾನು ನೋಡಿದ ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಪಾಲು ಗೊತ್ತಿಲ್ಲದ ವ್ಯವಹಾರಕ್ಕೆ ಸಹಿ ಹಾಕುವ ಅಭ್ಯಾಸ ನನಗಿಲ್ಲ.

ಹಾಗಾಗಿ ನಾನು ಮುಂಭಾಗದ ಬಣ್ಣ ಬಿಟ್ಟು ಹಿಂಭಾಗ ಓದುತ್ತೇನೆ. ಆಯಿಲಿನ ಗುಣಮಟ್ಟಕ್ಕೆ ಅಕ್ಷರದ ಗುರುತು ಕೊಡುವ ಅಮೆರಿಕದ ಸಂಸ್ಥೆ ಎಪಿಐ. ಎಪಿಐ ಎಸ್‌ಪಿ ಅಂತ ಇದೆಯಾ ನೋಡುತ್ತೇನೆ. ಎಸ್‌ಪಿ 2020ರಲ್ಲಿ ಬಂದದ್ದು, ಅದಕ್ಕೂ ಹಿಂದಿನದು ಎಸ್‌ಎನ್. 2025ರಲ್ಲಿ ಎಸ್‌ಕ್ಯೂ ಕೂಡ ಬಂದಿದೆ. ಮ್ಯಾನುವಲ್ ಹಳೆಯ ಅಕ್ಷರ ಹೇಳಿದ್ದರೂ, ಗ್ರೇಡ್ ಅದೇ ಇದ್ದರೆ ಹೊಸದನ್ನು ಹಾಕಬಹುದು. ನಿಮ್ಮದು ಟರ್ಬೊ ಪೆಟ್ರೋಲ್ ಆಗಿದ್ದರೆ ಎಸ್‌ಪಿಗಿಂತ ಕೆಳಗೆ ಇಳಿಯಲೇಬೇಡಿ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಹೊತ್ತಿಗೆ ಮುಂಚೆ ಹತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಇದೆ. ಅದನ್ನು ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ. ಬಿಎಸ್6 ಡೀಸೆಲ್‌ನವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆಯಾ ನೋಡಿ, ಇದ್ದರೆ ಮ್ಯಾನುವಲ್ ಹೇಳಿದ ಸಿ2 ಅಥವಾ ಸಿ3 ಥರದ ಕಡಿಮೆ ಬೂದಿಯ ಆಯಿಲನ್ನೇ ಕೇಳಿ. ಅಲ್ಲಿ ಅಗ್ಗದ ಹಿಂದೆ ಬಿದ್ದರೆ ಫಿಲ್ಟರ್ ಕಟ್ಟಿಕೊಂಡು ದೊಡ್ಡ ಬಿಲ್ ಬರುತ್ತದೆ.

ಬೆಲೆಗೆ ಬರೋಣ. ನಾನು ವಿಚಾರಿಸಿದಾಗ ಹೆಸರಿರುವ ಕಂಪನಿಗಳ ಸಿಂಥೆಟಿಕ್ ಲೀಟರಿಗೆ 500-600 ರೂಪಾಯಿಯಿಂದ ಶುರುವಾಗಿ ಸಾವಿರ ದಾಟುವವರೆಗೂ ಇತ್ತು. ನಮ್ಮ ಕಾರಿಗೆ ಫಿಲ್ಟರ್ ಸೇರಿ ಮೂರೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ ಮೇಲಿನದಕ್ಕೂ ಕೆಳಗಿನದಕ್ಕೂ ವರ್ಷಕ್ಕೆ ಸಾವಿರದೈನೂರರ ಹತ್ತಿರ ವ್ಯತ್ಯಾಸ. ನಾನು ಕೆಳಗಿನ ದರದ್ದನ್ನೇ ತೆಗೆದುಕೊಳ್ಳುತ್ತೇನೆ. ಉಳಿದ ದುಡ್ಡಿನಲ್ಲಿ ಆಯಿಲ್ ಫಿಲ್ಟರ್ ಒರಿಜಿನಲ್, ಏರ್ ಫಿಲ್ಟರ್ ಕೂಡ ಹೊಸದು. ದರ ಹೋಲಿಸುವಾಗ ಡಬ್ಬಿಯ ಅಳತೆ ನೋಡಲು ಮರೆಯಬೇಡಿ. 3, 3.5, 4 ಲೀಟರ್ ಹೀಗೆ ಬೇರೆ ಬೇರೆ ಇರುತ್ತವೆ. ಮೂರೂವರೆಯ ಡಬ್ಬಿ ಅಗ್ಗ ಅಂತ ತಂದು, ಸಾಲದೆ ಬಿಡಿ ಲೀಟರ್ ಕೊಂಡರೆ ಲೆಕ್ಕ ತಲೆಕೆಳಗು.

ಬೆಲೆಗಿಂತ ನನಗೆ ಹೆದರಿಕೆ ನಕಲಿಯದ್ದು. ವಾಹನಗಳ ಬಿಡಿಭಾಗಕ್ಕೆ ಹೆಸರಾದ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಡೀಲರ್‌ಗಳಿದ್ದಾರೆ, ಬಿಲ್ ಕೇಳಿದರೆ ಕೊಡುತ್ತಾರೆ. 18% ಜಿಎಸ್‌ಟಿ ಹಾಕಿದ ಬಿಲ್ ಕೊಡದೆ, "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ" ಅಂದವರ ಹತ್ತಿರ ನಾನು ಕೊಳ್ಳುವುದಿಲ್ಲ. ಪೆಟ್ರೋಲ್ ಬಂಕ್ ಇನ್ನೊಂದು ಒಳ್ಳೆಯ ದಾರಿ. ಇಂಡಿಯನ್ ಆಯಿಲ್ ಬಂಕಿನಲ್ಲಿ ಸರ್ವೊ, ಭಾರತ್ ಪೆಟ್ರೋಲಿಯಂನಲ್ಲಿ ಮ್ಯಾಕ್, ಎಚ್‌ಪಿಯಲ್ಲಿ ಅವರದೇ ಆಯಿಲ್ ಸಿಗುತ್ತದೆ. ಎಲ್ಲ ಗ್ರೇಡ್ ಇಟ್ಟಿರುವುದಿಲ್ಲ, ಹೇಳಿ ತರಿಸಬೇಕು. ಸರ್ಕಾರಿ ಕಂಪನಿ ಅಂತ ಇವುಗಳ ಕಡೆ ಮೂಗು ಮುರಿಯುವವರು ಬಹಳ. ಡಬ್ಬಿಯ ಹಿಂದೆ ಗ್ರೇಡ್, ಎಪಿಐ ಅಕ್ಷರ ಎರಡೂ ಸರಿ ಇದ್ದರೆ ನನ್ನದೇನೂ ತಕರಾರಿಲ್ಲ.

ಡಬ್ಬಿ ನಾನೇ ಕೊಂಡು ಹೋಗಿ, ಎದುರಿಗೇ ಸೀಲ್ ಒಡೆಸುತ್ತೇನೆ. ಹಿಂದೊಮ್ಮೆ ಒಂದು ಮಲ್ಟಿಬ್ರ್ಯಾಂಡ್ ಗ್ಯಾರೇಜಿನವರು ಬ್ಯಾರಲ್ ಆಯಿಲ್ ಹಾಕಿ ನಾಲ್ಕೂವರೆ ಲೀಟರಿಗೆ ಬಿಲ್ ಮಾಡಿದ್ದರು. ಅಷ್ಟು ಹಿಡಿಯುವ ಎಂಜಿನ್ನೇ ಅಲ್ಲ ಅದು! ಮ್ಯಾನುವಲ್ ಪುಟ ತೋರಿಸಿದ ಮೇಲೆ ಬಿಲ್ ತಿದ್ದಿದರು. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹಾಕಿಸಿಯೇ ಬರುತ್ತೇನೆ, ಇಲ್ಲದಿದ್ದರೆ ಅದರಲ್ಲಿ ಇನ್ನೇನೋ ತುಂಬಿಕೊಂಡು ಮತ್ತೆ ಅಂಗಡಿಗೆ ಬಂದೀತು. ಕಾರಿಗೆ ವಾರಂಟಿ ಇರುವವರು ಮಾತ್ರ ಈ ಸಾಹಸ ಬೇಡ, ಕಂಪನಿಯ ಸರ್ವಿಸ್‌ನಲ್ಲೇ ಮಾಡಿಸಿ ಬಿಲ್ ಇಟ್ಟುಕೊಳ್ಳಿ.

ನಾಲ್ಕು ಲೀಟರಿನ ಡಬ್ಬಿಯಲ್ಲಿ ಸ್ವಲ್ಪ ಉಳಿಯುತ್ತದೆ. ಅದು ಟಾಪಪ್‌ಗೆ ಅಂತ ಮನೆಯಲ್ಲೇ ಇರುತ್ತದೆ. ನನ್ನ ತಮ್ಮ ಬಂದಾಗಲೆಲ್ಲ "ಅಕ್ಕಾ, ಅದನ್ನ ನನ್ನ ಪಲ್ಸರ್‌ಗೆ ಕೊಡೇ" ಅಂತಾನೆ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ ಕಣೋ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಬೈಕಿನ ಆಯಿಲಿಗೆ ಕೊಡುವ ಜಾಸೋ ಎಂಎ ಗುರುತು ಇರುವುದನ್ನು ನಿನ್ನ ದುಡ್ಡಿನಲ್ಲೇ ತಗೋ ಅಂತ ಪ್ರತಿ ಸಲ ಹೇಳುತ್ತೇನೆ.