ಲ್ಯಾಬ್ ಮಾರಾಟವಾಯಿತು, ನನ್ನ ಅಗ್ರಿಮೆಂಟ್ ಏನಾಯಿತು?

ಹಾಸನದಲ್ಲಿ ನನ್ನದೊಂದು ಪುಟ್ಟ ಕಲೆಕ್ಷನ್ ಸೆಂಟರ್. ರಕ್ತ ತೆಗೆದು, ಟ್ಯೂಬಿಗೆ ಬಾರ್‌ಕೋಡ್ ಅಂಟಿಸಿ, ಸಂಜೆ ಬರುವ ಹುಡುಗನ ಐಸ್ ಬಾಕ್ಸಿಗೆ ಹಾಕಿ ಕಳಿಸುತ್ತೇವೆ. ಪರೀಕ್ಷೆ ನಡೆಯುವುದು ಬೆಂಗಳೂರಿನಲ್ಲಿ. ಹೆಸರು ಕಂಪನಿಯದು; ಬಾಡಿಗೆ, ಕರೆಂಟ್ ಬಿಲ್, ಇಬ್ಬರು ಹುಡುಗಿಯರ ಸಂಬಳ ನನ್ನದು. ಪ್ರತಿ ಬಿಲ್ಲಿನಲ್ಲೂ ನನಗೊಂದು ಪಾಲು.

ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ನಮಗೆ ಗೊತ್ತಾದದ್ದು ಪೇಪರ್ ಓದಿ! ಆಮೇಲೆ ಏರಿಯಾ ಮ್ಯಾನೇಜರ್ ಬಂದರು, ಕೈಯಲ್ಲಿ ದಪ್ಪನೆಯ ಕಾಗದದ ಕಟ್ಟು. "ಓನರ್ ಬದಲಾದ್ರಲ್ಲ ಮೇಡಂ, ಹಳೇ ಅಗ್ರಿಮೆಂಟ್ ಮುಗೀತು. ಇಲ್ಲೊಂದು ಸಹಿ ಹಾಕಿಬಿಡಿ, ಬರೀ ಫಾರ್ಮಾಲಿಟಿ" ಅಂದರು. ಫಾರ್ಮಾಲಿಟಿಗೆ ಅಷ್ಟೊಂದು ಪುಟ ಯಾಕೆ ಬೇಕು? ಓದಿ ಕೊಡ್ತೀನಿ ಅಂತ ಹೇಳಿ, ಕಾಫಿ ಕೊಟ್ಟು ಕಳಿಸಿದೆ.

ರಾತ್ರಿ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಮುಂಚೆ ಯಾರಾದರೂ ಬಿಡುವುದಿದ್ದರೆ 90 ದಿನ ಮುಂಚಿತವಾಗಿ ಹೇಳಬೇಕಿತ್ತು. ಈಗ ನನಗೆ 90, ಕಂಪನಿಗೆ 30. ನಾನು ಕಟ್ಟಿದ್ದ ಡೆಪಾಸಿಟ್ ಸದ್ದಿಲ್ಲದೆ ವಾಪಸ್ ಬಾರದ 'ಲೈಸೆನ್ಸ್ ಫೀ' ಆಗಿಬಿಟ್ಟಿತ್ತು. ನನ್ನ ಪಾಲಿನಲ್ಲಿ ಕಡಿತ. ಬೇರೆ ಲ್ಯಾಬಿನ ಸ್ಯಾಂಪಲ್ ಮುಟ್ಟುವಂತಿಲ್ಲ; ಬಿಟ್ಟ ಮೇಲೂ 2 ವರ್ಷ ಈ ವ್ಯಾಪಾರ ಮಾಡುವಂತಿಲ್ಲ. ಜಗಳವಾದರೆ ಮಧ್ಯಸ್ಥಿಕೆ ಬೆಂಗಳೂರಿನಲ್ಲಲ್ಲ, ಮುಂಬೈಯಲ್ಲಿ. ಹಾಸನದಿಂದ ಮುಂಬೈಗೆ ಹೋಗಿ ಯಾರು ಜಗಳ ಆಡ್ತಾರೆ, ಅದಕ್ಕೇ ಹಾಕಿರೋದು ಅಲ್ವಾ?

ಮಾರನೇ ದಿನ ವಕೀಲರ ಹತ್ತಿರ ಹೋದೆ. ಅವರು ಅಗ್ರಿಮೆಂಟ್ ಬಿಚ್ಚಲೇ ಇಲ್ಲ. "ಅವರು ಷೇರು ಕೊಂಡಿದ್ದಾರೋ, ಬರೀ ವ್ಯಾಪಾರ ಕೊಂಡಿದ್ದಾರೋ?" ಅಂತ ಕೇಳಿದರು. ಷೇರು ಕೈ ಬದಲಾದರೆ ಕಂಪನಿ ಅದೇ, ಅಗ್ರಿಮೆಂಟೂ ಅದೇ. ವ್ಯಾಪಾರವನ್ನು ಮಾತ್ರ ಬೇರೆ ಕಂಪನಿಗೆ ವಹಿಸಿದ್ದರೆ, ಹಾಗೆ ವಹಿಸಲು ಹಳೆಯ ಅಗ್ರಿಮೆಂಟಿನಲ್ಲಿ ಅವಕಾಶ ಇದೆಯೇ ನೋಡಬೇಕು. ಆ ತಿಂಗಳ ಬಿಲ್ ತೋರಿಸಿದೆ. ಕಂಪನಿಯ ಹೆಸರು, ಜಿಎಸ್‌ಟಿ ನಂಬರ್ ಎರಡೂ ಹಳೆಯವೇ. ಪೇಪರಿನಲ್ಲೂ ಷೇರು ಖರೀದಿ ಅಂತಲೇ ಇತ್ತು. "ಹಾಗಾದ್ರೆ ಯಾವುದೂ ಮುಗಿದಿಲ್ಲಮ್ಮ. ಹಳೇದನ್ನ ತೆಗೆದು ಹೊಸದು ಮಾಡೋದಕ್ಕೆ ಇಬ್ಬರೂ ಒಪ್ಪಬೇಕು. 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್" ಅಂದರು.

ನನ್ನಂತೆ ಕಂಪನಿಯ ಹೆಸರಿನಲ್ಲಿ ನಡೆಸುವ ವ್ಯಾಪಾರಕ್ಕೆ ಫ್ರಾಂಚೈಸಿ ಅನ್ನುತ್ತಾರೆ; ನಮ್ಮಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲವಂತೆ, ಎಲ್ಲವೂ ಈ ಕರಾರು ಕಾಯ್ದೆಯ ಮೇಲೇ ನಡೆಯಬೇಕು. ಬೇರೆ ಲ್ಯಾಬ್ ಮುಟ್ಟಬಾರದೆಂಬ ಷರತ್ತಿನ ಬಗ್ಗೆ ಕೇಳಿದಾಗ ಕೂಲ್‌ಡ್ರಿಂಕ್ಸ್ ಕೇಸು ಹೇಳಿದರು. 1993ರಲ್ಲಿ ಕೋಕಾ-ಕೋಲಾ ಪಾರ್ಲೆಯಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಬ್ರ್ಯಾಂಡ್‌ಗಳನ್ನು ಕೊಂಡಿತು. ಅದರ ಬಾಟಲಿ ತುಂಬುತ್ತಿದ್ದ ಗುಜರಾತ್ ಬಾಟ್ಲಿಂಗ್ ಕಂಪನಿಯ ಷೇರುಗಳು ಆಮೇಲೆ ಪೆಪ್ಸಿ ಕಡೆಯವರ ಕೈ ಸೇರಿದವು. ಒಪ್ಪಂದ ಜಾರಿಯಲ್ಲಿರುವ ತನಕ ಎದುರಾಳಿಯ ಪಾನೀಯ ತುಂಬಬಾರದೆಂಬ ಷರತ್ತು ಸರಿಯೇ ಎಂದಿತು 1995ರಲ್ಲಿ ಸುಪ್ರೀಂ ಕೋರ್ಟ್. ಅಂದರೆ ಆ ಷರತ್ತು ನನ್ನನ್ನೂ ಕಟ್ಟಿಹಾಕುತ್ತದೆ. ಬಿಟ್ಟ ಮೇಲಿನ 2 ವರ್ಷದ ನಿರ್ಬಂಧ ಮಾತ್ರ, ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಊರ್ಜಿತವಲ್ಲ ಎನ್ನುವ ಅದೇ ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಹಾಗಂತ ನನ್ನ ಕೈ ಮೇಲಾಯಿತು ಅಂತಲ್ಲ. ಹಳೆಯ ಅಗ್ರಿಮೆಂಟಿನ ಪ್ರಕಾರವೇ 90 ದಿನದ ನೋಟಿಸ್ ಕೊಟ್ಟು ಅವರು ನನ್ನನ್ನು ಕಳಿಸಬಹುದಿತ್ತು. ಅದು ಇಬ್ಬರಿಗೂ ಗೊತ್ತು. ಮ್ಯಾನೇಜರ್ ಮತ್ತೆ ಬಂದಾಗ ಯಾವ ಯಾವ ಸಾಲು ಒಪ್ಪೋದಿಲ್ಲ ಅಂತ ಬರೆದ ಹಾಳೆ ಕೊಟ್ಟೆ. ಅವರು ಹೊರಗೆ ಹೋಗಿ ತುಂಬಾ ಹೊತ್ತು ಫೋನಿನಲ್ಲಿ ಮಾತಾಡಿದರು. ಪಾಪ, ಅವರ ಕೆಲಸವೂ ಹೊಸ ಯಜಮಾನರ ಕೈಯಲ್ಲೇ ಇತ್ತು.

ಕೊನೆಗೆ ಡೆಪಾಸಿಟ್ ಡೆಪಾಸಿಟ್ಟಾಗಿಯೇ ಉಳಿಯಿತು. ನೋಟಿಸ್ ಇಬ್ಬರಿಗೂ 90 ದಿನ. ಮಧ್ಯಸ್ಥಿಕೆ ಬೆಂಗಳೂರಿಗೆ ಬಂತು. ಪಾಲಿನ ಕಡಿತಕ್ಕೆ ಮಾತ್ರ ಅವರು ಜಗ್ಗಲಿಲ್ಲ, ನಾನೇ ಒಪ್ಪಿಕೊಂಡೆ. ಆದರೆ ಅವರ ಸಹಿ, ಸೀಲ್ ಇರುವ ಪ್ರತಿ ನನ್ನ ಕೈಗೆ ಬರುವವರೆಗೂ ಹಳೇ ಬೋರ್ಡ್ ಇಳಿಸಲು ಬಿಡಲಿಲ್ಲ.