ಹಸಿರು ಬಾಗಿಲು, ಹಸಿದ ಹೊಟ್ಟೆ

ಈ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗ, ಒಂದೂವರೆ ವರ್ಷದವನು, ದಿನವಿಡೀ ಪಡಸಾಲೆಯ ಬಾಗಿಲಿಗೇ ಅಂಟಿಕೊಂಡಿರುತ್ತಿದ್ದ. ಅಪ್ಪನ ಕಾಲದಲ್ಲಿ ಬಳಿಸಿದ ಹಸಿರು ಬಣ್ಣ ಅಲ್ಲಿ ಹಪ್ಪಳದಂತೆ ಎದ್ದಿದೆ; ಅದನ್ನು ಉಗುರಿನಿಂದ ಕೆದರಿ, ಅದೇ ಬೆರಳನ್ನು ಬಾಯಿಗಿಟ್ಟುಕೊಳ್ಳುವುದು ಅವನ ಆಟ. ಹಲ್ಲು ಬರುವ ವಯಸ್ಸು ಎಂದು ನಾವು ನಕ್ಕು ಸುಮ್ಮನಾಗಿದ್ದೆವು.

ಮನೆಬಳಕೆಯ ಬಣ್ಣದಲ್ಲಿ ಸೀಸವೆಂಬ ವಿಷಲೋಹವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಾಗಿಲನ್ನು ಪರೀಕ್ಷೆ ಮಾಡಿಸುವವರೆಗೆ ಅನುಮಾನದಿಂದಲೇ ನೋಡಬೇಕು. ಬ್ಯಾಟರಿ ರಿಪೇರಿ ಮಾಡುವವರ ಬಟ್ಟೆಯಲ್ಲಿ ಮನೆಗೆ ಬರುವ ಧೂಳು, ಸೀಸದ ಅದಿರನ್ನು ಅರೆದು ಮಾಡಿದ, ಕಣ್ಣಿಗೆ ಹಚ್ಚುವ ಕೆಲವು ಬಗೆಯ ಸುರ್ಮಾ ಕೂಡ ಇದೇ ಸಾಲಿಗೆ ಸೇರುತ್ತವೆ.

ಆದರೆ ಒಂದೇ ಧೂಳಿನಲ್ಲಿ ಆಡುವ ಇಬ್ಬರು ಮಕ್ಕಳ ರಕ್ತಕ್ಕೆ ಒಂದೇ ಪ್ರಮಾಣದ ಸೀಸ ಸೇರುವುದಿಲ್ಲ ಎಂಬುದನ್ನು ನಾವು ಗಮನಿಸುವುದೇ ಕಡಿಮೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮೈಗೆ ಹತ್ತಿದರೆ, ಎಳೆಯ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಹತ್ತುತ್ತದೆ. ಹೊಟ್ಟೆ ಖಾಲಿಯಿದ್ದರೆ ಇನ್ನೂ ಹೆಚ್ಚು. ಕರುಳಿನಲ್ಲಿ ಕಬ್ಬಿಣದ ಅಂಶವನ್ನು ಒಳಗೆ ಸಾಗಿಸುವ ವ್ಯವಸ್ಥೆಯು ಕಬ್ಬಿಣ ಸಾಲದಾದಾಗ ಚುರುಕಾಗಿ, ಎದುರಿಗೆ ಸಿಕ್ಕ ಸೀಸವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ. ನಮ್ಮ ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದ್ದರೂ ಅದು ಮೈಗೆ ಹತ್ತದಂತೆ ತಡೆಯುವ ಅಂಶವೂ ಅದರಲ್ಲೇ ಇದೆ. ಜೊತೆಗೆ ನಿಂಬೆಹಣ್ಣು ಹಿಂಡಿದ ಪಲ್ಯವೋ ಕೋಸಂಬರಿಯೋ ಇದ್ದರೆ ಆ ತಡೆ ಸ್ವಲ್ಪ ಸಡಿಲುತ್ತದೆ. (ರೊಟ್ಟಿಯನ್ನು ದೂರುತ್ತಿಲ್ಲ, ಅದನ್ನು ತಿಂದೇ ಬೆಳೆದವಳು ನಾನು.)

ಇದು ಸೀಸದ ಮಾತಷ್ಟೇ ಅಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು (ಕರಾವಳಿಯ ನಗರವಲ್ಲ, ಅದೇ ಜಿಲ್ಲೆಯ ಊರು) ಚಿನ್ನದ ಗಣಿಯ ಸುತ್ತಲಿನ ಪ್ರದೇಶದಲ್ಲಿ, ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ರೋಗ ತಗುಲಿದ್ದು ದಾಖಲಾಗಿದೆ. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದ ಆ ವಿಷವನ್ನು ಕುದಿಸಿ ಕಳೆಯಲು ಬರುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಅಲ್ಲಿಯೂ ಸರಿಯಾದ ಊಟವಿಲ್ಲದ ಮೈಗೆ ಪೆಟ್ಟು ಜಾಸ್ತಿ.

ಬಾಗಿಲಿನ ಕೆಲಸಕ್ಕೆ ಬಂದ ಪೇಂಟರ್ ಒಣ ಪಾಲೀಶ್ ಪೇಪರ್ ತೆಗೆದೊಡನೆ ನಾನು ತಡೆದು, ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಬೇಕು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು ಎಂದೆ. "ಹಿಂಗ ಮಾಡಿದ್ರ ಎರಡು ದಿನ ಹೆಚ್ಚಿಗಿ ಹಿಡೀತದ್ರಿ, ಅಕ್ಕಾರೆ" ಎಂದರು. ಆ ಎರಡು ದಿನ ತಂಗಿಯೂ ಮಗುವೂ ಮೇಲಿನ ಕೋಣೆಯಲ್ಲಿದ್ದರು.